ಕೂಡಿಟ್ಟ ಪಾಯಿಂಟನ್ನು ಎಲ್ಲಿ ಖರ್ಚು ಮಾಡುವುದು: ಮ್ಯೂಲ್ ಡೀರ್ ಟ್ಯಾಗ್‌ಗಳ ಹೋಲಿಕೆ

ಮೇ ಕೊನೆಯಲ್ಲಿ ಡೆನ್ವರ್‌ನಿಂದ ಒಬ್ಬ ಹುಡುಗ ಫೋನ್ ಮಾಡಿದ. ಸಕಲೇಶಪುರದ ಕಡೆಯವನು, ಅಮೆರಿಕಕ್ಕೆ ಬಂದು ಹತ್ತು ವರ್ಷವಾಯಿತು. "ಅಣ್ಣ, ಯೂಟಾದಲ್ಲಿ ಒಂಬತ್ತು ಪಾಯಿಂಟ್ ಆಯ್ತು, ಅರಿಜೋನಾದಲ್ಲಿ ಏಳು, ನೆವಾಡಾದಲ್ಲಿ ಆರು. ಇವತ್ತಿನವರೆಗೆ ಕೋವಿ ಹಿಡಿದು ಒಂದು ಮ್ಯೂಲ್ ಡೀರ್ ಹಿಂದೆ ಹೋಗಿಲ್ಲ. ಇನ್ನೂ ಕಾಯ್ಲಾ, ಎಲ್ಲಾದ್ರೂ ಹೋಗಿಬಿಡ್ಲಾ?" ಎಂದ. ಅರ್ಧ ಗಂಟೆ ಮಾತಾಡಿದರೂ ಹೇಳಬೇಕಾದ್ದು ಮುಗಿಯಲಿಲ್ಲ. ಇದೇ ಪ್ರಶ್ನೆ ಇಟ್ಟುಕೊಂಡಿರುವ ನಮ್ಮವರು ಇನ್ನೂ ಕೆಲವರು ನನಗೆ ಗೊತ್ತು, ಅವರಿಗೂ ಆಗಲಿ ಎಂದು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೆಸರುವಾಸಿ ಬೆಟ್ಟದ ಒಂದು ಟ್ಯಾಗಿಗಾಗಿ ಇಪ್ಪತ್ತು ವರ್ಷ ಕಾಯುವುದಕ್ಕಿಂತ, ನಾಲ್ಕೈದು ವರ್ಷಕ್ಕೊಮ್ಮೆ ಸಿಗುವ ಮಧ್ಯಮ ತರಗತಿಯ ಟ್ಯಾಗನ್ನು ಒಳ್ಳೆಯ ತಾರೀಖಿನಲ್ಲಿ ಪಡೆಯುವುದು ಮೇಲು. ಕಾಯುವುದೇ ಸರಿ ಎನ್ನುವ ಸಂದರ್ಭಗಳೂ ಇವೆ, ಅದಕ್ಕೂ ಬರುತ್ತೇನೆ.

ಹೊಸಬರಿಗೆ ಎರಡು ಮಾತು. ಮ್ಯೂಲ್ ಡೀರ್ ಎಂದರೆ ಹೇಸರಗತ್ತೆಯಂಥ ದೊಡ್ಡ ಕಿವಿಯ ಜಿಂಕೆ. ನಮ್ಮ ಚುಕ್ಕೆ ಜಿಂಕೆಗಿಂತ ದೊಡ್ಡದು, ಕಡವೆಗಿಂತ ಚಿಕ್ಕದು. ಗಂಡಿನ ಕೊಂಬು ಎರಡಾಗಿ ಕವಲೊಡೆದು ಆ ಕವಲು ಮತ್ತೆ ಎರಡಾಗುತ್ತದೆ. ಬೆದರಿದರೆ ನಾಲ್ಕೂ ಕಾಲನ್ನು ಒಟ್ಟಿಗೆ ನೆಲಕ್ಕೆ ಬಡಿದು ಚೆಂಡಿನ ಹಾಗೆ ಪುಟಿಯುತ್ತ ಹೋಗುತ್ತದೆ. ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲಿ ಇದನ್ನು ಬೇಟೆಯಾಡಲು ಟ್ಯಾಗ್ ಬೇಕು. ಒಂದು ಟ್ಯಾಗ್ ಎಂದರೆ ಇಂಥ ಯೂನಿಟ್ಟಿನಲ್ಲಿ (ಬೇಟೆಗೆಂದು ಗಡಿ ಗುರುತಿಸಿದ ಪ್ರದೇಶ), ಇಂಥ ತಾರೀಖುಗಳ ನಡುವೆ, ಇಂಥ ಆಯುಧದಿಂದ ಒಂದು ಜಿಂಕೆ. ವಯಸ್ಸಾದ ದೊಡ್ಡ ಗಂಡುಗಳು ಉಳಿಯಲಿ ಎಂದು ಕೆಲವು ಯೂನಿಟ್ಟುಗಳಲ್ಲಿ ಬಹಳ ಕಡಿಮೆ ಟ್ಯಾಗ್ ಕೊಡುತ್ತಾರೆ. ಅರ್ಜಿ ಹಾಕಿದವರಲ್ಲಿ ಡ್ರಾ ಎತ್ತುತ್ತಾರೆ, ಸಿಗದವರಿಗೆ ಹೆಚ್ಚಿನ ರಾಜ್ಯಗಳಲ್ಲಿ ಆ ವರ್ಷಕ್ಕೊಂದು ಪಾಯಿಂಟ್ ಸೇರುತ್ತದೆ.

ಇನ್ನೊಂದು ಮಾತು ನಮ್ಮವರಿಗೇ ಸಂಬಂಧಿಸಿದ್ದು. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಕೋವಿ ಇಟ್ಟುಕೊಳ್ಳುವುದನ್ನು ಇಲ್ಲಿನ ಫೆಡರಲ್ ಕಾನೂನು ತಡೆಯುತ್ತದೆ. ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು. ಲೈಸೆನ್ಸಿನ ಅವಧಿ ಮುಗಿದ ದಿನ ಆ ವಿನಾಯಿತಿಯೂ ಮುಗಿಯಿತು ಎಂದೇ ತಿಳಿಯಿರಿ. ಗ್ರೀನ್ ಕಾರ್ಡ್ ಬರುವವರೆಗೆ ನಾನು ಲೈಸೆನ್ಸಿನ ಪ್ರತಿಯನ್ನು ಕೋವಿಯ ಪೆಟ್ಟಿಗೆಯ ಮುಚ್ಚಳಕ್ಕೇ ಅಂಟಿಸಿ ಇಟ್ಟಿದ್ದೆ, ಪ್ರತಿ ವರ್ಷ ಬದಲಿಸುತ್ತಿದ್ದೆ. ಹಂಟರ್ ಎಜುಕೇಶನ್ ತರಗತಿಯಂತೂ ಆಗಲೇಬೇಕು. ಯೂಟಾದಲ್ಲಿ 1965ರ ನಂತರ ಹುಟ್ಟಿದವರಿಗೆಲ್ಲ ಕಡ್ಡಾಯ.

ಇನ್ನು ಲೆಕ್ಕಕ್ಕೆ ಬರೋಣ. ಪಾಯಿಂಟ್ ಎಂಬ ಹೆಸರು ಎಲ್ಲ ಕಡೆ ಒಂದೇ, ಅದರ ಬೆಲೆ ಮಾತ್ರ ರಾಜ್ಯಕ್ಕೊಂದು ಥರ.

ನೆವಾಡಾದಲ್ಲಿ ಪಾಯಿಂಟನ್ನು ಅದರಿಂದಲೇ ಗುಣಿಸಿ ಒಂದು ಕೂಡಿಸುತ್ತಾರೆ. ಒಂದು ಪಾಯಿಂಟ್ ಇದ್ದವನ ಹೆಸರು ಡಬ್ಬಿಯಲ್ಲಿ 2 ಸಲ, ಆರು ಇದ್ದವನದು 37 ಸಲ, ಹತ್ತು ಇದ್ದವನದು 101 ಸಲ. ಹಳಬರಿಗೆ ಬಲ ಹೆಚ್ಚು, ಆದರೂ ಮೊದಲ ವರ್ಷದವನಿಗೆ ಬಾಗಿಲು ಮುಚ್ಚಿಲ್ಲ. ಇಲ್ಲಿ ಐದು ಆಯ್ಕೆ ಬರೆಯಬಹುದು. ನಿಮ್ಮ ಅರ್ಜಿ ಕೈಗೆ ಬಂದಾಗ ಐದನ್ನೂ ನೋಡಿ ಮುಗಿಸಿಯೇ ಮುಂದಿನ ಅರ್ಜಿಗೆ ಹೋಗುತ್ತಾರೆ. ಮೊದಲೆರಡು ಸಾಲಿನಲ್ಲಿ ಕನಸಿನ ಯೂನಿಟ್, ಕೆಳಗೆ ಸಿಗುವಂಥದ್ದು ಬರೆದರೆ ನಷ್ಟವಿಲ್ಲ. ಐದನೆಯದು ಬಂದರೂ ಪಾಯಿಂಟೆಲ್ಲ ಹೋಗುತ್ತದೆ ಎಂಬುದು ನೆನಪಿರಲಿ. ಮನಸ್ಸಿಲ್ಲದ ಜಾಗವನ್ನು ಜಾಗ ತುಂಬಲು ಬರೆಯಬೇಡಿ.

ಯೂಟಾದ ಲಿಮಿಟೆಡ್ ಎಂಟ್ರಿ, ಅಂದರೆ ಕಡಿಮೆ ಟ್ಯಾಗ್ ಕೊಡುವ ಬೇಟೆಗಳಲ್ಲಿ ಅರ್ಧ ಟ್ಯಾಗ್ ಅತಿ ಹೆಚ್ಚು ಪಾಯಿಂಟ್ ಇದ್ದವರಿಗೆ, ಉಳಿದರ್ಧಕ್ಕೆ ಡ್ರಾ. ಆ ಡ್ರಾದಲ್ಲೂ ಪಾಯಿಂಟಿಗೆ ತಕ್ಕ ಹಾಗೆ ಅವಕಾಶ. ಅರಿಜೋನಾದಲ್ಲಿ 20 ಶೇಕಡ ಹಳಬರಿಗೆ ಮೀಸಲು. ಉಳಿದದ್ದರಲ್ಲಿ ಪ್ರತಿ ಪಾಯಿಂಟಿಗೂ ಒಂದೊಂದು ಸಂಖ್ಯೆ, ಅರ್ಜಿಗೆ ಇನ್ನೊಂದು, ಅವುಗಳಲ್ಲಿ ಅತಿ ಚಿಕ್ಕದು ನಿಮ್ಮದು. ಚಿಕ್ಕ ಸಂಖ್ಯೆಯವರಿಗೆ ಮೊದಲ ಸರದಿ. ಅಲ್ಲಿ ಹೊರರಾಜ್ಯದವರಿಗೆ ಹೆಚ್ಚೆಂದರೆ 10 ಶೇಕಡ.

ಕೊಲೊರಾಡೊದ್ದು ಹೆಚ್ಚುಕಡಿಮೆ ಶುದ್ಧ ಸಾಲು. ಜಾಸ್ತಿ ಪಾಯಿಂಟ್ ಇದ್ದವನು ಮುಂದೆ. ಈವರೆಗಿನ ನಿಯಮದಲ್ಲಿ ಮೊದಲ ಆಯ್ಕೆ ಬಂದರೆ ಮಾತ್ರ ಪಾಯಿಂಟ್ ಖರ್ಚಾಗುತ್ತದೆ, ಎರಡನೆಯದು ಬಂದರೆ ಹಾಗೇ ಉಳಿಯುತ್ತದೆ. ಅಲ್ಲಿನ ಪದ್ಧತಿ ಬದಲಾಗುವ ಹಾದಿಯಲ್ಲಿದೆ, ಅರ್ಜಿ ಹಾಕುವ ವರ್ಷದ ಪುಸ್ತಿಕೆಯನ್ನೇ ಓದಿ. ವಯೋಮಿಂಗ್‌ನಲ್ಲಿ ಹೊರರಾಜ್ಯದವರಿಗೆ 75 ಶೇಕಡ ಪಾಯಿಂಟ್ ಮೇಲೆ, 25 ಶೇಕಡ ಡ್ರಾ ಮೇಲೆ.

ಐಡಹೊ ಮತ್ತು ನ್ಯೂ ಮೆಕ್ಸಿಕೊದಲ್ಲಿ ಪಾಯಿಂಟೇ ಇಲ್ಲ. ಈ ವರ್ಷ ಮೊದಲ ಅರ್ಜಿ ಹಾಕಿದವನೂ ಮೂವತ್ತು ವರ್ಷದಿಂದ ಹಾಕುತ್ತಿರುವವನೂ ಸಮ. ನ್ಯೂ ಮೆಕ್ಸಿಕೊದಲ್ಲಿ ಸ್ಥಳೀಯರಿಗೆ 84 ಶೇಕಡ, ಔಟ್‌ಫಿಟರ್ (ಬೇಟೆ ಏರ್ಪಡಿಸಿಕೊಡುವವರು) ಜೊತೆ ಕರಾರು ಮಾಡಿಕೊಂಡವರಿಗೆ 10, ಬಾಕಿ ಹೊರಗಿನವರಿಗೆ 6. ಸಿಕ್ಕರೆ ಅದೃಷ್ಟ, ಸಿಗದಿದ್ದರೆ ಕಳೆದುಕೊಳ್ಳುವುದೂ ಹೆಚ್ಚಿಲ್ಲ. ತಡವಾಗಿ ಶುರು ಮಾಡಿದ ನಮ್ಮಂಥವರಿಗೆ ಈ ಎರಡು ರಾಜ್ಯಗಳು ನಿಜಕ್ಕೂ ನ್ಯಾಯವಾಗಿವೆ. ನಲವತ್ತರಲ್ಲಿ ಶುರು ಮಾಡಿದವರು ಇವೆರಡನ್ನು ಬಿಟ್ಟು ಬೇರೆ ಕಡೆ ಪಾಯಿಂಟ್ ಕೂಡಿಸುತ್ತ ಕೂರುವುದು ನನಗೆ ಸರಿ ಕಾಣುವುದಿಲ್ಲ.

ಯಾಕೆಂದರೆ ಸಾಲು ನಿಂತಲ್ಲಿ ನಿಂತಿರುವುದಿಲ್ಲ. ಲೆಕ್ಕಕ್ಕೆ ಒಂದು ಉದಾಹರಣೆ ಹಿಡಿಯೋಣ. ಒಂದು ಯೂನಿಟ್ಟಿನಲ್ಲಿ ಹೊರಗಿನವರಿಗೆ ವರ್ಷಕ್ಕೆ ನಾಲ್ಕು ಟ್ಯಾಗ್, ಎರಡು ಹಳಬರಿಗೆ, ಎರಡು ಡ್ರಾಗೆ. ನಿಮ್ಮ ಮುಂದೆ ಇನ್ನೂರು ಜನ ಇದ್ದಾರೆ. ವರ್ಷಕ್ಕೆ ಇಬ್ಬರು ಸಾಲಿನಿಂದ ಹೊರಗೆ ಹೋದರೆ ನಿಮ್ಮ ಸರದಿಗೆ ನೂರು ವರ್ಷ. ನೀವು ಪ್ರತಿ ವರ್ಷ ಒಂದು ಪಾಯಿಂಟ್ ಏರಿದರೆ ನಿಮ್ಮ ಮುಂದಿನವರೂ ಒಂದೊಂದು ಏರುತ್ತಾರೆ. ಇದಕ್ಕೇ ಇಲ್ಲಿಯವರು ಪಾಯಿಂಟ್ ಕ್ರೀಪ್ ಎನ್ನುವುದು. ಒಂಬತ್ತು ಪಾಯಿಂಟ್ ಎಂದು ಆ ಹುಡುಗ ಹೇಳಿದಾಗ ನಾನು ಮೊದಲು ಕೇಳಿದ್ದು, "ನಿನ್ನ ಮುಂದೆ ಎಷ್ಟು ಜನ ಇದಾರೆ ನೋಡಿದ್ಯಾ?" ಎಂದು. ರಾಜ್ಯದ ವನ್ಯಜೀವಿ ಇಲಾಖೆ ಪ್ರತಿ ವರ್ಷ ಡ್ರಾ ಆದಮೇಲೆ ಯಾವ ಯೂನಿಟ್ಟಿಗೆ ಎಷ್ಟು ಪಾಯಿಂಟಿನವರು ಎಷ್ಟು ಜನ ಅರ್ಜಿ ಹಾಕಿದರು ಎಂಬ ಪಟ್ಟಿ ಹಾಕುತ್ತದೆ. ಅದನ್ನು ತೆರೆದು ನೋಡಲು ಹದಿನೈದು ನಿಮಿಷ ಸಾಕು. ಅವನು ಒಂಬತ್ತು ವರ್ಷದಲ್ಲಿ ಒಂದು ಸಲವೂ ನೋಡಿರಲಿಲ್ಲ.

ಹೆಸರುವಾಸಿ ಜಾಗಗಳು ಹೇಗಿವೆ? ಅವು ಬೇಡ ಎಂದು ನಾನು ಹೇಳುತ್ತಿಲ್ಲ, ಅವುಗಳ ಸ್ವಭಾವ ಬೇರೆ ಬೇರೆ ಎಂದು ಗೊತ್ತಿರಲಿ.

ಯೂಟಾದ ಹೆನ್ರಿ ಮೌಂಟನ್ಸ್ ಮರುಭೂಮಿಯ ನಡುವೆ ದ್ವೀಪದ ಹಾಗೆ ಎದ್ದು ನಿಂತ ಬೆಟ್ಟಸಾಲು. ಅತಿ ಎತ್ತರದ ಮೌಂಟ್ ಎಲೆನ್ 11,500 ಅಡಿಗೂ ಮಿಗಿಲು. 1941ರಲ್ಲಿ ಯೆಲ್ಲೋಸ್ಟೋನ್‌ನಿಂದ ತಂದು ಬಿಟ್ಟ ಬೈಸನ್ ಕಾಡೆಮ್ಮೆಗಳ ಸಂತತಿ ಈಗಲೂ ಅಲ್ಲಿ ಓಡಾಡಿಕೊಂಡಿದೆ. ದೊಡ್ಡ ಗಂಡುಗಳ ವಿಷಯದಲ್ಲಿ ಈ ಬೆಟ್ಟಕ್ಕೆ ಇರುವ ಹೆಸರು ಸುಳ್ಳಲ್ಲ. ಬೇಟೆಗಾರರು ಬೆರಳೆಣಿಕೆ, ಜಿಂಕೆಗಳು ಕಣ್ಣಿಗೆ ಬೀಳುತ್ತವೆ, ಆರಿಸಿಕೊಳ್ಳಲು ಅವಕಾಶವಿದೆ. ಕಾದದ್ದಕ್ಕೆ ಫಲ ಸಿಗುವ ಜಾಗ ಎಂದರೆ ಇದು.

ಪೌನ್ಸಗಂಟ್ ಪ್ರಸ್ಥಭೂಮಿ ಬ್ರೈಸ್ ಕ್ಯಾನ್ಯನ್ ಇರುವ ಕಡೆ. ಶರತ್ಕಾಲದಲ್ಲಿ ಅಲ್ಲಿನ ಜಿಂಕೆ ದಕ್ಷಿಣಕ್ಕೆ, ಅರಿಜೋನಾ ಗಡಿಯತ್ತ ಇಳಿಯುತ್ತವೆ. ಹೆದ್ದಾರಿ 89ರಲ್ಲಿ ಅವು ಸಾಯದಿರಲಿ ಎಂದು 2013ರಲ್ಲಿ ಕನಾಬ್ ಬಳಿ ಬೇಲಿ ಹಾಕಿ ರಸ್ತೆಯಡಿ ದಾಟುವ ಹಾದಿ ಮಾಡಿದರು. ಬೇಟೆಗಾರನಿಗೆ ಇದರಿಂದ ತಿಳಿಯಬೇಕಾದ್ದು ಒಂದೇ: ಆಗಸ್ಟಿನಲ್ಲಿ ನೋಡಿಟ್ಟ ಗಂಡು ಅಕ್ಟೋಬರಿನಲ್ಲಿ ಅದೇ ಕಣಿವೆಯಲ್ಲಿ ಇರುತ್ತದೆ ಎಂದು ನಂಬಬೇಡಿ.

ಅರಿಜೋನಾ ಸ್ಟ್ರಿಪ್ ಇನ್ನೊಂದು ಥರ. ಗ್ರ್ಯಾಂಡ್ ಕ್ಯಾನ್ಯನ್‌ನ ಉತ್ತರಕ್ಕೆ, 13ಎ ಮತ್ತು 13ಬಿ ಯೂನಿಟ್. ಜಿಂಕೆ ದಟ್ಟವಾಗಿಲ್ಲ, ಇರುವ ಗಂಡು ದೊಡ್ಡವು. ಲಾವಾ ಕಲ್ಲಿನ ಕಚ್ಚಾ ರಸ್ತೆ, ಪೆಟ್ರೋಲ್ ಬಂಕ್ ಇಲ್ಲ, ಫೋನ್ ಸಿಗ್ನಲ್ ಇಲ್ಲ. ಎರಡು ಸ್ಟೆಪ್ನಿ ಇಲ್ಲದೆ ಹೋಗಬೇಡಿ. ದಿನಗಟ್ಟಲೆ ಒಂದೂ ಕಾಣದೆ ಕೂರುವ ತಾಳ್ಮೆ ಇಲ್ಲದವರಿಗೆ ಈ ಟ್ಯಾಗ್ ಇಪ್ಪತ್ತು ವರ್ಷದ ನಂತರ ಬಂದರೂ ಸುಖ ಕೊಡುವುದಿಲ್ಲ.

ಪಕ್ಕದ ಕೈಬಾಬ್ ಪ್ರಸ್ಥಭೂಮಿ ನನಗೆ ಇವೆಲ್ಲಕ್ಕಿಂತ ಹೆಚ್ಚು ಇಷ್ಟ. ಪಾಂಡೆರೋಸಾ ಪೈನ್ ಕಾಡು, ಬೇಟೆಗೆ ಚರಿತ್ರೆಯೂ ಇದೆ. 1906ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಇದನ್ನು ಮೃಗಗಳ ಕಾಪುಗಾಡು ಮಾಡಿದರು. ಜಿಂಕೆ ಬೇಟೆ ನಿಂತಿತು, ಬೆಕ್ಕಿನ ಕುಟುಂಬದ ದೊಡ್ಡ ಬೇಟೆಪ್ರಾಣಿ ಕೂಗರ್‌ಗಳನ್ನು ಕೊಲ್ಲಿಸಿದರು. ಜಿಂಕೆ ಮಿತಿಮೀರಿ ಬೆಳೆದು ಮೇವು ಮುಗಿಸಿ 1920ರ ದಶಕದ ಚಳಿಗಾಲಗಳಲ್ಲಿ ಹಸಿದು ಸತ್ತವು. ಎಷ್ಟು ಇದ್ದವು, ಕಾರಣ ಯಾವುದು ಎಂಬ ವಾದ ವಿಜ್ಞಾನಿಗಳ ನಡುವೆ ನಡೆದೇ ಇದೆ. ಸ್ಟ್ರಿಪ್‌ಗಿಂತ ಇಲ್ಲಿ ಟ್ಯಾಗ್ ಹೆಚ್ಚು, ಡ್ರಾ ಸುಲಭ. ಮೊದಲ ಅವಧಿಯ ಟ್ಯಾಗಿಗೂ ಕೊನೆಯ ಅವಧಿಯ ಟ್ಯಾಗಿಗೂ ಅಜಗಜಾಂತರ, ಯೂನಿಟ್ ಒಂದೇ ಆದರೂ. ಪಕ್ಕದ ವರ್ಮಿಲಿಯನ್ ಕ್ಲಿಫ್ಸ್‌ನಲ್ಲಿ 1996ರಿಂದ ಕಾಂಡೊರ್ ರಣಹದ್ದುಗಳನ್ನು ಬಿಡುತ್ತಿದ್ದಾರೆ. ಜಿಂಕೆಯ ಕರುಳಿನ ಗುಡ್ಡೆಯಲ್ಲಿ ಉಳಿದ ಸೀಸದ ಚೂರು ತಿಂದು ಅವು ಸಾಯುತ್ತವೆ. ಈ ಕಡೆ ಬರುವವರು ದಯವಿಟ್ಟು ತಾಮ್ರದ ಗುಂಡು ತನ್ನಿ.

ಮಧ್ಯಮ ತರಗತಿಯಲ್ಲಿ ಯೂಟಾದ ಬುಕ್ ಕ್ಲಿಫ್ಸ್, ವರ್ನನ್, ಕೊಲೊರಾಡೊದ ಗನ್ನಿಸನ್ ಕಣಿವೆಯ ಯೂನಿಟ್ಟುಗಳು ಬರುತ್ತವೆ. ವಯೋಮಿಂಗ್‌ನ ಪಶ್ಚಿಮದ ಬೆಟ್ಟಗಳು ಬಹಳ ಹೆಸರಾಗಿದ್ದವು, ಆದರೆ 2022-23ರ ಚಳಿಗಾಲ ವಯೋಮಿಂಗ್ ರೇಂಜ್ ಹಿಂಡನ್ನು ಮುರಿದುಹಾಕಿತು. ಆ ಹೊಡೆತದಿಂದ ಹಿಂಡು ಎಷ್ಟು ಚೇತರಿಸಿಕೊಂಡಿದೆ ಎಂದು ಅಲ್ಲಿನ ಇಲಾಖೆಯ ವರದಿ ನೋಡದೆ ಹಳೆಯ ಹೆಸರನ್ನೇ ನಂಬಿ ಪಾಯಿಂಟ್ ಸುರಿಯಬೇಡಿ. ಅಲ್ಲಿ ಇನ್ನೊಂದು ನಿಯಮ: ಘೋಷಿತ ವೈಲ್ಡರ್‌ನೆಸ್ ಒಳಗೆ ಹೊರರಾಜ್ಯದವರು ಗೈಡ್ ಅಥವಾ ಸ್ಥಳೀಯ ಜೊತೆಗಾರನಿಲ್ಲದೆ ದೊಡ್ಡ ಪ್ರಾಣಿಯ ಬೇಟೆ ಆಡುವಂತಿಲ್ಲ.

ಜಾಗಕ್ಕಿಂತ ತಾರೀಖು ಮುಖ್ಯ ಎಂದು ನಾನು ಹಟ ಹಿಡಿದು ಹೇಳುವುದಕ್ಕೆ ಕಾರಣವಿದೆ. ಮ್ಯೂಲ್ ಡೀರ್ ಗಂಡು ತಿಂಗಳಿಂದ ತಿಂಗಳಿಗೆ ಬೇರೆಯೇ ಪ್ರಾಣಿಯಾಗುತ್ತದೆ.

ಆಗಸ್ಟಿನಲ್ಲಿ ಕೊಂಬಿನ ಮೇಲೆ ಇನ್ನೂ ಮಖಮಲ್ಲಿನಂಥ ತೊಗಲು. ಗಂಡುಗಳು ಮೂರು, ಐದು ಜೊತೆಗೂಡಿ ಮರ ಬೆಳೆಯುವ ಎತ್ತರಕ್ಕೂ ಮೇಲಿನ ಬಯಲಿನಲ್ಲಿ ಮೇಯುತ್ತವೆ. ಬೆಳಗ್ಗೆ ಎರಡು ಗಂಟೆ ಬೈನಾಕ್ಯುಲರ್ ಹಿಡಿದರೆ ಕಾಣುತ್ತವೆ. ಇದು ಬಿಲ್ಲಿನ ಅವಧಿ. ಕಾಣುವುದು ಸುಲಭ, ನಲವತ್ತು ಗಜಕ್ಕೆ ಹೋಗುವುದು ಕಷ್ಟ. ಡ್ರಾದಲ್ಲಿ ಬಿಲ್ಲಿನ ಟ್ಯಾಗ್ ರೈಫಲ್‌ಗಿಂತ ಸಾಮಾನ್ಯವಾಗಿ ಬೇಗ ಸಿಗುತ್ತದೆ.

ಸೆಪ್ಟೆಂಬರ್ ಕೊನೆಯದು ಮಝಲ್‌ಲೋಡರ್ ಅವಧಿ. ನನ್ನ ಅಜ್ಜನ ಕೇಪಿನ ಕೋವಿಯ ಮೊಮ್ಮಗ ಎನ್ನಬಹುದು. ಬಾಯಿಂದಲೇ ಮದ್ದು, ಗುಂಡು ತುಂಬುವುದು, ಒಂದೇ ಈಡು. ಊರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಅಜ್ಜ ಬೇಟೆ ಬಿಟ್ಟರು, ಆ ಕೋವಿಯನ್ನು ಒರೆಸುವುದನ್ನು ಬಿಡಲಿಲ್ಲ. ಅವರು ಕಡ್ಡಿಗೆ ಎಣ್ಣೆಬಟ್ಟೆ ಸುತ್ತಿ ನಳಿಗೆಯೊಳಗೆ ಎಳೆಯುತ್ತಿದ್ದ ಸದ್ದು ನನಗೆ ಇಲ್ಲಿ ಟೆಂಟಿನ ಮುಂದೆ ಕೂತು ನನ್ನದನ್ನು ಒರೆಸುವಾಗ ನೆನಪಾಗುತ್ತದೆ. ಜನ ಕಡಿಮೆ, ಹವೆ ಹಿತ, ಪಾಯಿಂಟ್ ರೈಫಲ್‌ಗಿಂತ ಕಡಿಮೆ ಸಾಕು. ನೂರೈವತ್ತು ಗಜದೊಳಗೆ ಹೋಗಲು ಮನಸ್ಸಿದ್ದವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ.

ಅಕ್ಟೋಬರ್ ನಡುಭಾಗ ಮೋಸದ ಕಾಲ. ರೈಫಲ್ ಕೈಲಿದೆ, ಆದರೆ ಗಂಡುಗಳು ತೊಗಲು ಕಳಚಿ ಒಂಟಿಯಾಗಿ ದಟ್ಟ ಮರದೊಳಗೆ ಸೇರಿರುತ್ತವೆ. ಬೆಳಕಿರುವಾಗ ಏಳುವುದೇ ಇಲ್ಲ. ಬುಕ್ ಕ್ಲಿಫ್ಸ್ ಟ್ಯಾಗ್ ಸಿಕ್ಕ ವರ್ಷ ನಾನು ಆರು ದಿನ ಆಸ್ಪೆನ್ ಕಾಡಿನ ಅಂಚಿನಲ್ಲಿ ಕೂತೆ. ಹೆಣ್ಣು, ಮರಿ ಎಷ್ಟೋ ಕಂಡವು, ಎಣಿಸುವುದನ್ನೇ ಬಿಟ್ಟೆ. ಏಳನೆಯ ಬೆಳಗ್ಗೆ ಎದುರಿನ ಇಳಿಜಾರಿನ ಸೇಜ್ ಪೊದೆಯೊಂದರಲ್ಲಿ ಏನೋ ಅಲುಗಿತು. ನೊಣ ಕೊಡವಿಕೊಂಡ ಕಿವಿ. ಬೈನಾಕ್ಯುಲರನ್ನು ಟ್ರೈಪಾಡ್ ಮೇಲೆ ಬಿಗಿದು ಇಪ್ಪತ್ತು ನಿಮಿಷ ಅದೇ ಪೊದೆ ನೋಡಿದೆ. ಕಿವಿಯ ಹಿಂದೆ ಒಣ ಕೊಂಬೆ ಅಂದುಕೊಂಡದ್ದು ನಿಧಾನಕ್ಕೆ ತಿರುಗಿತು, ಎರಡು ಕವಲು, ಅದರ ಮೇಲೆ ಇನ್ನೆರಡು. ಆ ಜಿಂಕೆ ಮಲಗಿದ್ದ ಜಾಗ ನಾನು ಆರು ದಿನವೂ ನೋಡುತ್ತಿದ್ದ ಜಾಗವೇ. ಅಕ್ಟೋಬರ್ ಟ್ಯಾಗ್ ತೆಗೆದುಕೊಳ್ಳುವವರು ಒಳ್ಳೆಯ ಬೈನಾಕ್ಯುಲರಿಗೂ ಟ್ರೈಪಾಡಿಗೂ ದುಡ್ಡು ಹಾಕಿ, ಹೊಸ ರೈಫಲ್ ಮುಂದಿನ ವರ್ಷ ಆಗಬಹುದು. ಎರಡೇ ದಿನ ರಜೆ ಇರುವವರು ಈ ಟ್ಯಾಗಿನ ಗೋಜಿಗೇ ಹೋಗಬೇಡಿ.

ನವೆಂಬರ್ ನಡುವಿನಿಂದ ಡಿಸೆಂಬರ್ ಆರಂಭದವರೆಗೆ ಬೆದೆಗಾಲ. ಇಡೀ ವರ್ಷ ಹಗಲು ಮುಖ ತೋರಿಸದ ಗಂಡು ಮಧ್ಯಾಹ್ನ ಹನ್ನೆರಡಕ್ಕೆ ಹೆಣ್ಣಿನ ಹಿಂದೆ ಬಯಲು ದಾಟುತ್ತದೆ. ಹಿಮ ಬಿದ್ದಿದ್ದರೆ ಮೇಲಿನ ಬೆಟ್ಟದವೂ ಕೆಳಗಿನ ಸೇಜ್ ಬಯಲಿಗೆ ಇಳಿದಿರುತ್ತವೆ. ಕೊಲೊರಾಡೊದ ನಾಲ್ಕನೆಯ ರೈಫಲ್ ಸೀಸನ್ ಐದೇ ದಿನ, ಟ್ಯಾಗ್ ಕಡಿಮೆ, ಆದ್ದರಿಂದ ಪಾಯಿಂಟ್ ಹೆಚ್ಚು ಬೇಕು. ಕೈಬಾಬ್‌ನ ಕೊನೆಯ ಅವಧಿಗೂ ಇದೇ ಕಾರಣಕ್ಕೆ ನೂಕುನುಗ್ಗಲು. ಮೊದಲ ಸಲ ಹೋಗುವವರು, ಮಂಡಿ ನೋವಿನವರು, ಐವತ್ತೈದು ದಾಟಿದವರು ಪಾಯಿಂಟ್ ಉಳಿಸಿಕೊಂಡಿದ್ದರೆ ಅದನ್ನು ಖರ್ಚು ಮಾಡಬೇಕಾದ್ದು ಇಲ್ಲಿ. ಕಾಯಬಹುದು ಎಂದು ನಾನು ಒಪ್ಪುವ ಎರಡು ಸಂದರ್ಭಗಳಲ್ಲಿ ಇದೊಂದು. ಇನ್ನೊಂದು, ಈಗಾಗಲೇ ಸಾಲಿನ ತುದಿಗೆ ಎರಡು ಮೂರು ವರ್ಷದ ದೂರದಲ್ಲಿ ಇರುವವರದು. ಅಷ್ಟು ಬಂದವರು ಬಿಟ್ಟುಬರಬೇಡಿ.

ಕಾಡಿನಲ್ಲಿ ಕಟ್ಟಿಟ್ಟರೆ ತಾನೇ ಫೋಟೊ ತೆಗೆಯುವ ಟ್ರೈಲ್ ಕ್ಯಾಮೆರಾ ನೆಚ್ಚಿಕೊಂಡವರಿಗೆ ಒಂದು ಎಚ್ಚರಿಕೆ. ಅರಿಜೋನಾದಲ್ಲಿ ಬೇಟೆಗೆ ಅದರ ಬಳಕೆ 2022ರಿಂದ ನಿಷೇಧ. ಯೂಟಾದ ಸಾರ್ವಜನಿಕ ಭೂಮಿಯಲ್ಲಿ ಜುಲೈ 31ರಿಂದ ಡಿಸೆಂಬರ್ 31ರವರೆಗೆ ಹಾಕುವಂತಿಲ್ಲ.

ಸ್ನೇಹಿತರೆಲ್ಲ ಸೇರಿ ಒಂದೇ ಅರ್ಜಿ ಹಾಕುವುದು ನಮ್ಮವರಿಗೆ ಪ್ರೀತಿ. ಯೂಟಾ, ನೆವಾಡಾ, ಅರಿಜೋನಾದಲ್ಲಿ ಗುಂಪಿನ ಸರಾಸರಿ ಪಾಯಿಂಟ್ ಹಿಡಿಯುತ್ತಾರೆ. ಹತ್ತು ಇರುವ ಹಿರಿಯನೊಬ್ಬ ಎರಡು ಇರುವ ಕಿರಿಯನನ್ನು ಸೇರಿಸಿಕೊಂಡರೆ ಇಬ್ಬರಿಗೂ ಆರು. ಕೊಲೊರಾಡೊದಲ್ಲಿ ಗುಂಪಿನಲ್ಲಿ ಯಾರದ್ದು ಕಡಿಮೆಯೋ ಅದೇ ಎಲ್ಲರ ಲೆಕ್ಕ, ಹತ್ತು ಮತ್ತು ಸೊನ್ನೆ ಸೇರಿದರೆ ಸೊನ್ನೆ. ಇದು ಗೊತ್ತಿಲ್ಲದೆ ಭಾವಮೈದುನನನ್ನು ಸೇರಿಸಿಕೊಂಡು ವರ್ಷ ಕಳೆದುಕೊಂಡವರನ್ನು ನಾನು ಬಲ್ಲೆ.

ಹಾಗಾದರೆ ಡೆನ್ವರ್ ಹುಡುಗನಿಗೆ ಏನು ಹೇಳಿದೆ? ಅವನು ಕೊಲೊರಾಡೊ ನಿವಾಸಿ, ಮನೆಯ ಅಂಗಳದಲ್ಲೇ ಒಳ್ಳೆಯ ಯೂನಿಟ್ಟುಗಳಿವೆ, ನಿವಾಸಿಗೆ ಟ್ಯಾಗಿನ ಬೆಲೆಯೂ ಬಹಳ ಕಡಿಮೆ. ವರ್ಷ ಬಿಟ್ಟು ವರ್ಷವಾದರೂ ಅಲ್ಲೇ ಎರಡನೆಯ ಇಲ್ಲವೇ ಮೂರನೆಯ ಸೀಸನ್‌ಗೆ ಹೋಗಿ ಕೈ ಪಳಗಿಸಿಕೋ ಎಂದೆ. ನೆವಾಡಾದಲ್ಲಿ ಮುಂದಿನ ಸಲ ಮಝಲ್‌ಲೋಡರಿಗೆ ಐದೂ ಸಾಲು ತುಂಬು. ಯೂಟಾದ ಒಂಬತ್ತನ್ನು ಹೆನ್ರಿಗೆ ಹಿಡಿದಿಡಬೇಡ, ಪಟ್ಟಿ ನೋಡಿ ಅದು ಸಾಕಾಗುವ ಯೂನಿಟ್ಟಿಗೆ ಹಾಕು. ಅರಿಜೋನಾದ್ದು ಇರಲಿ, ಕೈಬಾಬ್ ಕೊನೆಯ ಅವಧಿಗೆ ಕೂಡಿಸುತ್ತಾ ಹೋಗು. ಅಮೆರಿಕದಲ್ಲಿ ಮೊದಲ ದೊಡ್ಡ ಗಂಡನ್ನು ಕಂಡಾಗ ಕೈ ನಡುಗುತ್ತದೆ. ಆ ನಡುಕ ಅಡಗಿಸುವುದನ್ನು ಇಪ್ಪತ್ತು ವರ್ಷದ ಟ್ಯಾಗಿನ ಮೇಲೆ ಕಲಿಯಬಾರದು ಎಂದೂ ಹೇಳಿದೆ.

ಕೊನೆಗೆ ಅವನು ಕೇಳಿದ್ದು ನಾನು ಯೋಚಿಸಿರದ ಪ್ರಶ್ನೆಯೇನಲ್ಲ: "ಟ್ಯಾಗ್ ಬಂದು, ಊರಿಂದ ಫೋನ್ ಬಂದ್ರೆ?" ನನಗೆ ಬಂದಿತ್ತು. ಒಂದು ವರ್ಷ ಮಝಲ್‌ಲೋಡರ್ ಟ್ಯಾಗ್ ಕೈಗೆ ಬಂದು ಎರಡು ತಿಂಗಳಿಗೆ ಅಮ್ಮ ಮೂಡಿಗೆರೆಯ ಮನೆಯ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಯೂಟಾದಲ್ಲಿ ಸೀಸನ್ ಶುರುವಾಗುವ 30 ದಿನ ಮುಂಚೆ ಟ್ಯಾಗ್ ಒಪ್ಪಿಸಿದರೆ ಪಾಯಿಂಟ್ ವಾಪಸ್ ಬರುತ್ತದೆ. ಟಿಕೆಟ್ ಬುಕ್ ಮಾಡಿದ ಸಂಜೆಯೇ ಒಪ್ಪಿಸಿದೆ, ಮೂವತ್ತನಾಲ್ಕು ದಿನ ಬಾಕಿ ಇತ್ತು. ಅರಿಜೋನಾದಲ್ಲಿ ಅರ್ಜಿ ಹಾಕುವಾಗಲೇ ಪಾಯಿಂಟ್‌ಗಾರ್ಡ್ ಎಂಬುದನ್ನು ಸಣ್ಣ ಶುಲ್ಕ ಕೊಟ್ಟು ಸೇರಿಸಿಕೊಳ್ಳಬಹುದು, ಅದರಿಂದ ಒಂದು ಸಲ ಹೀಗೆ ಉಳಿಸಿಕೊಳ್ಳಲು ಬರುತ್ತದೆ. ಡ್ರಾ ಫಲಿತಾಂಶ ಬಂದ ದಿನವೇ ಕ್ಯಾಲೆಂಡರಿನಲ್ಲಿ ಎರಡು ತಾರೀಖು ಗುರುತು ಹಾಕಿಕೊಳ್ಳಿ: ಸೀಸನ್ ಶುರುವಾಗುವ ದಿನ, ಅದಕ್ಕೆ ಮೂವತ್ತೊಂದು ದಿನ ಮುಂಚಿನದು. ಅಮ್ಮ ಮತ್ತೆ ನಡೆದಾಡುವ ಹಾಗಾದರು. ಹೊರಡುವಾಗ ಒಂದು ಬಾಟಲಿ ಕಾಚಂಪುಳಿ ಕಟ್ಟಿಕೊಟ್ಟರು, ಮುಂದಿನ ವರ್ಷದ ಮಾಂಸಕ್ಕೆ ಇರಲಿ ಎಂದು. ಅದಿನ್ನೂ ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿದೆ, ಮೊಹರು ಒಡೆದಿಲ್ಲ. ಈ ಸೆಪ್ಟೆಂಬರಿಗೆ ಅದೇ ಯೂನಿಟ್ಟಿನ ಟ್ಯಾಗ್ ಮತ್ತೆ ಬಂದಿದೆ.